ಮಧ್ವಾಚಾರ್ಯರು: ಭೇದತತ್ತ್ವ ಮತ್ತು ಅಧಿಕಾರದ ಪ್ರಶ್ನೆ

ಮಧ್ವಾಚಾರ್ಯರ ಜೀವನವನ್ನು ಅರಿಯಲು ಇರುವ ಪ್ರಧಾನ ಆಕರ ನಾರಾಯಣ ಪಂಡಿತಾಚಾರ್ಯರ ಸುಮಧ್ವವಿಜಯ. ಹದಿನಾರು ಸರ್ಗಗಳ ಈ ಸಂಸ್ಕೃತ ಮಹಾಕಾವ್ಯ ನಾಯಕನನ್ನು ವಾಯುವಿನ ಅವತಾರವೆಂದೇ ಭಾವಿಸುವುದರಿಂದ ಪವಾಡಗಳನ್ನು ಬೇರ್ಪಡಿಸಿಕೊಂಡು ಓದಬೇಕಾಗುತ್ತದೆ. ಆದರೂ ಊರು, ಶಿಷ್ಯರು, ವಾದಪ್ರಸಂಗಗಳ ವಿವರಗಳಿಗೆ ಅದನ್ನು ಬಿಟ್ಟರೆ ಗತಿಯಿಲ್ಲ. ಕಾಲನಿರ್ಣಯದ ಮಾತು ಬೇರೆ. ಮಹಾಭಾರತತಾತ್ಪರ್ಯನಿರ್ಣಯದಲ್ಲಿ ಬರುವ ಕಲಿವರ್ಷ 4300ರ ಉಲ್ಲೇಖವನ್ನು ಅವಲಂಬಿಸಿ ಕೆಲವರು 1199ನ್ನು ಜನ್ಮವರ್ಷವೆಂದು ವಾದಿಸಿದ್ದಾರೆ. ಆದರೆ ಶಿಷ್ಯರಾದ ನರಹರಿತೀರ್ಥರ ಶಾಸನ ಆಂಧ್ರದ ಶ್ರೀಕೂರ್ಮದಲ್ಲಿದ್ದು, ಅದರ ಕಾಲ 1281. ಇದರ ಬಲದಿಂದ 1238-1317 ಎಂಬ ಅವಧಿಯೇ ವಿದ್ವಾಂಸರಲ್ಲಿ ಹೆಚ್ಚು ಮಾನ್ಯವಾಗಿದೆ.

ಉಡುಪಿ ಸಮೀಪದ ಪಾಜಕದಲ್ಲಿ ಮಧ್ಯಗೇಹ ಭಟ್ಟರ ಮಗನಾಗಿ ಹುಟ್ಟಿದ ವಾಸುದೇವ, ಎಳವೆಯಲ್ಲೇ ಅಚ್ಯುತಪ್ರೇಕ್ಷರಿಂದ ಸಂನ್ಯಾಸ ಸ್ವೀಕರಿಸಿ ಪೂರ್ಣಪ್ರಜ್ಞನಾದ. ಗುರುವು ಅದ್ವೈತ ಗ್ರಂಥವಾದ ಇಷ್ಟಸಿದ್ಧಿಯ ಪಾಠ ಆರಂಭಿಸಿದಾಗ ಶಿಷ್ಯನು ಮೊದಲಲ್ಲೇ 32 ದೋಷಗಳನ್ನು ಎತ್ತಿ ತೋರಿಸಿದನೆಂದು ಕಾವ್ಯ ಹೇಳುತ್ತದೆ. ಸಂಖ್ಯೆ ಏನೇ ಇರಲಿ, ಗುರುವೇ ಕೊನೆಗೆ ಶಿಷ್ಯನ ಮತವನ್ನು ಒಪ್ಪಿದ್ದು ಗಮನಾರ್ಹ. ದಕ್ಷಿಣದ ಯಾತ್ರೆ, ಬದರಿಯ ಯಾತ್ರೆ, ಗೀತಾಭಾಷ್ಯ ಹಾಗೂ ಬ್ರಹ್ಮಸೂತ್ರಭಾಷ್ಯಗಳ ರಚನೆ ಅನಂತರದವು. ವಾದದಲ್ಲಿ ಸೋತು ಶಿಷ್ಯರಾದ ತ್ರಿವಿಕ್ರಮ ಪಂಡಿತಾಚಾರ್ಯರ ಕೋರಿಕೆಯಿಂದಲೇ ಅನುವ್ಯಾಖ್ಯಾನ ಸಿದ್ಧವಾಯಿತು. ಸುಮಧ್ವವಿಜಯದ ಕವಿ ಇವರ ಮಗ.

ಮಧ್ವರ ಚಿಂತನೆಯ ತಿರುಳು ದ್ವೈತವೆಂಬ ರೂಢಿಯ ಹೆಸರಿಗಿಂತ ತತ್ತ್ವವಾದವೆಂಬ ಹೆಸರಿನಲ್ಲಿ ಸ್ಪಷ್ಟವಾಗುತ್ತದೆ. ಜಗತ್ತು ಸತ್ಯ, ಈಶ್ವರ, ಜೀವ, ಜಡಗಳ ನಡುವಿನ ಐದು ಬಗೆಯ ಭೇದವೂ ಸತ್ಯ. ವಿಷ್ಣುವೊಬ್ಬನೇ ಸ್ವತಂತ್ರ, ಉಳಿದುದೆಲ್ಲ ಪರತಂತ್ರ. ಇಲ್ಲಿಯವರೆಗೆ ಭಕ್ತಿಗೆ ದೃಢವಾದ ನೆಲೆಯೇ ದೊರೆಯುತ್ತದೆ. ತೊಡಕಿರುವುದು ಜೀವತ್ರೈವಿಧ್ಯದಲ್ಲಿ. ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು ಎಂಬ ವಿಭಾಗ ಸ್ವರೂಪದಲ್ಲೇ ಇದ್ದು ಬದಲಾಗದು. ಎಲ್ಲ ಜೀವರಿಗೂ ಎಂದಾದರೊಮ್ಮೆ ಬಿಡುಗಡೆಯುಂಟು ಎಂಬ ಭರವಸೆಯನ್ನು ಮಧ್ವರು ಕೊಡಲಿಲ್ಲ. ಈ ತಾರತಮ್ಯವನ್ನು ವರ್ಣತಾರತಮ್ಯದ ಪಡಿಯಚ್ಚೆಂದು ಓದುವವರಿದ್ದಾರೆ. ಆ ಓದು ಅವಸರದ್ದು. ಯೋಗ್ಯತೆ ಇಲ್ಲಿ ಜೀವದ ಸ್ವರೂಪಕ್ಕೆ ಸೇರಿದ್ದು, ಹುಟ್ಟಿದ ಕುಲಕ್ಕಲ್ಲ.

ಹಾಗೆಂದು ಕುಲದ ಪ್ರಶ್ನೆಯಿಂದ ಅವರು ಪಾರಾದರೆಂದೂ ಹೇಳಲಾಗದು. ವೇದಾಧ್ಯಯನದ ಅಧಿಕಾರವನ್ನು ಅವರು ಶೂದ್ರರಿಗೆ ತೆರೆಯಲಿಲ್ಲ. ಆದರೆ ಬ್ರಹ್ಮಸೂತ್ರಭಾಷ್ಯದ ಮೊದಲ ಅಧಿಕರಣದಲ್ಲೇ, ಭಕ್ತರಾದ ಅಂತ್ಯಜರಿಗೂ ನಾಮಜ್ಞಾನದ ಅಧಿಕಾರವುಂಟೆಂಬ ಪ್ರಮಾಣವನ್ನು ಉದಾಹರಿಸಿದ್ದಾರೆ. ಮುಚ್ಚಿದ ಬಾಗಿಲು, ತೆರೆದ ಬಾಗಿಲು ಎರಡೂ ಒಂದೇ ಭಾಷ್ಯದಲ್ಲಿವೆ. ಹರಿದಾಸ ಸಾಹಿತ್ಯದ ಅಧ್ಯಯನದಲ್ಲಿ ಈ ಎರಡನೆಯದರತ್ತ ಸಾಕಷ್ಟು ಗಮನ ಹರಿದಿಲ್ಲ.

ಉಡುಪಿಯಲ್ಲಿ ಕೃಷ್ಣನನ್ನು ಪ್ರತಿಷ್ಠಾಪಿಸಿ ಎಂಟು ಮಂದಿ ಯತಿಗಳಿಗೆ ಸರದಿಯ ಪೂಜೆಯನ್ನು ಒಪ್ಪಿಸಿದ ಆಚಾರ್ಯರು, ಮಾಘ ಶುದ್ಧ ನವಮಿಯಂದು ಅನಂತೇಶ್ವರ ದೇವಾಲಯದಿಂದ ಅದೃಶ್ಯರಾದರೆಂದು ಸಂಪ್ರದಾಯ ನಂಬುತ್ತದೆ. ಅವರ ಗ್ರಂಥಗಳೆಲ್ಲವೂ ಸಂಸ್ಕೃತದಲ್ಲಿವೆ. ಕನ್ನಡದ ಕೀರ್ತನೆಗಳು ದೊರೆಯುವುದು ನರಹರಿತೀರ್ಥರ ಹೆಸರಿನಲ್ಲಿ; ಅವೂ ಬೆರಳೆಣಿಕೆಯಷ್ಟು. ನಾಮದ ಅಧಿಕಾರ ಕುರುಬ ಕುಲದ ಕನಕದಾಸರವರೆಗೆ ಬಂದುದು ಹದಿನಾರನೆಯ ಶತಮಾನದಲ್ಲಿ, ವ್ಯಾಸತೀರ್ಥರ ಮೂಲಕ. ಉಡುಪಿಯ ಕಿಂಡಿಯ ಐತಿಹ್ಯದಲ್ಲಿ ಆ ಕನಕದಾಸರು ನಿಂತಿರುವುದು ಗುಡಿಯ ಹೊರಗೆ.