ಅಂಬೇಡ್ಕರರು ವಕೀಲರಾಗಿ ನಿಂತ ಗಣಿತದ ಮಾಸ್ತರ: ರ. ಧೋಂ. ಕರ್ವೆ

ಇಚಲಕರಂಜಿಯಿಂದ ಹೆಚ್ಚು ದೂರವಿಲ್ಲದ ಮಾಣಗಾಂವ್ ಊರಿನ ಹೆಸರು ಕೇಳದವರು ಗಡಿಭಾಗದಲ್ಲಿ ಕಡಿಮೆ. 1920ರ ಮಾರ್ಚ್ 21 ಮತ್ತು 22ರಂದು ಅಲ್ಲಿ ನಡೆದ ಪರಿಷತ್ತಿಗೆ ಕೊಲ್ಹಾಪುರದ ಶಾಹು ಮಹಾರಾಜರು ಸ್ವತಃ ಬಂದು, ಅಸ್ಪೃಶ್ಯ ಸಮಾಜಕ್ಕೆ ತನ್ನದೇ ಆದ ನಾಯಕ ಸಿಕ್ಕಿದ್ದನ್ನು ಜನರೆದುರು ಸಾರಿದರು. ಆ ನಾಯಕ ಭೀಮರಾವ್ ಅಂಬೇಡ್ಕರ್. ಈ ಕಥೆ ಮಾಣಗಾಂವ್ ಸುತ್ತಮುತ್ತ ಮಕ್ಕಳಿಗೂ ಗೊತ್ತು.

ಗೊತ್ತಿಲ್ಲದ ಕಥೆ ಇನ್ನೊಂದಿದೆ. ಮಾಣಗಾಂವ್ ಪರಿಷತ್ತು ನಡೆದು 14 ವರ್ಷಗಳ ನಂತರ, 1934ರಲ್ಲಿ, ಅದೇ ಅಂಬೇಡ್ಕರರು ಮುಂಬೈಯ ನ್ಯಾಯಾಲಯದಲ್ಲಿ ಕರಿ ಕೋಟು ತೊಟ್ಟು ಒಬ್ಬ ಮರಾಠಿ ಸಂಪಾದಕನ ಪರವಾಗಿ ವಾದಿಸಿದರು. ಆರೋಪ ಅಶ್ಲೀಲತೆಯದು. ಓದುಗರು ಕೇಳಿದ ಗುಪ್ತ ಪ್ರಶ್ನೆಗಳಿಗೆ, ಅದರಲ್ಲೂ ಹಸ್ತಮೈಥುನ ಮತ್ತು ಸಲಿಂಗ ಕಾಮದ ಬಗೆಗಿನ ಪ್ರಶ್ನೆಗಳಿಗೆ, ಆ ಸಂಪಾದಕ ಮುಚ್ಚುಮರೆಯಿಲ್ಲದೆ ಉತ್ತರ ಅಚ್ಚು ಹಾಕಿದ್ದರು. ಅವರ ಹೆಸರು ರಘುನಾಥ ಧೋಂಡೋ ಕರ್ವೆ. ಮರಾಠಿ ಓದುಗರ ಬಾಯಲ್ಲಿ ರ. ಧೋಂ.

ತಂದೆಯ ಹೆಸರು ಹೇಳಿದರೆ ಎಲ್ಲರಿಗೂ ಥಟ್ಟನೆ ಹೊಳೆಯುತ್ತದೆ. ವಿಧವೆಯರ ಶಿಕ್ಷಣಕ್ಕಾಗಿ ಬಾಳು ಸವೆಸಿದ, 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯ ಕಟ್ಟಿದ, 1958ರಲ್ಲಿ ಭಾರತರತ್ನ ಪಡೆದ ಮಹರ್ಷಿ ಧೋಂಡೋ ಕೇಶವ ಕರ್ವೆ. ಅವರ ಹಿರಿಯ ಮಗನೇ ರಘುನಾಥ. ಹುಟ್ಟಿದ್ದು 1882ರ ಜನವರಿ 14ರಂದು, ಕೊಂಕಣದ ರತ್ನಾಗಿರಿ ಜಿಲ್ಲೆಯ ಮುರುಡ್‌ನಲ್ಲಿ. ತಾಯಿ ರಾಧಾಬಾಯಿ 1891ರಲ್ಲಿ ತೀರಿಕೊಂಡಾಗ ಹುಡುಗನಿಗೆ ಒಂಬತ್ತು ವರ್ಷ. ಎರಡು ವರ್ಷ ಬಿಟ್ಟು ತಂದೆ ಒಬ್ಬ ವಿಧವೆಯನ್ನು ಮದುವೆಯಾದರು. ಊರವರು ಬಹಿಷ್ಕಾರ ಹಾಕಿದರು. ಒಂದು ಒಳ್ಳೆಯ ಕೆಲಸ ಮಾಡಿದ್ದಕ್ಕೆ ಸ್ವಂತ ಊರೇ ಬಾಗಿಲು ಮುಚ್ಚುತ್ತದೆ ಎಂಬುದನ್ನು ಹನ್ನೊಂದರ ಹುಡುಗ ಮನೆಯಲ್ಲಿಯೇ ಕಂಡ. ಮುಂದೆ ಅವನ ಪಾಲಿಗೂ ಅದೇ ಕಾದಿತ್ತು. ವ್ಯತ್ಯಾಸವೆಂದರೆ, ತಂದೆಯನ್ನು ಬಹಿಷ್ಕರಿಸಿದ ಸಮಾಜ ಕೊನೆಗೆ ಅವರನ್ನು ಮಹರ್ಷಿ ಎಂದು ಕರೆಯಿತು. ಮಗನಿಗೆ ಬದುಕಿರುವಾಗ ಅಂಥ ಯಾವ ಬಿರುದೂ ಸಿಗಲಿಲ್ಲ.

ಓದಿನಲ್ಲಿ ರಘುನಾಥ ಬಲು ಚುರುಕು. ಪುಣೆಯ ನ್ಯೂ ಇಂಗ್ಲಿಷ್ ಸ್ಕೂಲಿನಿಂದ 1899ರ ಮೆಟ್ರಿಕ್ ಪರೀಕ್ಷೆಯಲ್ಲಿ ಮೊದಲ ಸ್ಥಾನ. 1904ರಲ್ಲಿ ಫರ್ಗ್ಯುಸನ್ ಕಾಲೇಜಿನಿಂದ ಬಿ.ಎ. ತಂದೆಯ ಹಾಗೆಯೇ ಗಣಿತದ ಪ್ರಾಧ್ಯಾಪಕ. 1919ರ ಹೊತ್ತಿಗೆ ಗಣಿತದ ಹೆಚ್ಚಿನ ಓದಿಗೆಂದು ಪ್ಯಾರಿಸ್ಸಿಗೆ ಹೋದರು. ಹೋದದ್ದು ಗಣಿತಕ್ಕೆ. ಆದರೆ ಬರುವಾಗ ತಂದದ್ದು ಗಣಿತವೊಂದನ್ನೇ ಅಲ್ಲ. ಫ್ರೆಂಚ್ ಭಾಷೆ ಮತ್ತು ಸಾಹಿತ್ಯ, ದೇಹದ ಬಗ್ಗೆ ನಾಚಿಕೆಯಿಲ್ಲದೆ ಯೋಚಿಸುವ ಒಂದು ರೀತಿ, ಸಂತತಿ ನಿಯಂತ್ರಣದ ತಿಳಿವಳಿಕೆ, ಇವೆಲ್ಲ ಜೊತೆಗೆ ಬಂದವು.

ಊರಿಗೆ ಮರಳಿದ ಮೇಲೆ 1921ರಲ್ಲಿ ಮುಂಬೈಯಲ್ಲಿ ಸಂತತಿ ನಿಯಂತ್ರಣದ ಕೇಂದ್ರ ತೆರೆದರು. ಇಂಗ್ಲೆಂಡಿನಲ್ಲಿ ಮೇರಿ ಸ್ಟೋಪ್ಸ್ ಲಂಡನ್ನಿನ ತಮ್ಮ ಕೇಂದ್ರ ತೆರೆದದ್ದೂ ಅದೇ ವರ್ಷ! ಭಾರತದಲ್ಲಿ ಈ ಬಗೆಯ ಮೊದಲ ಕೇಂದ್ರ ಕರ್ವೆ ಅವರದೇ ಎನ್ನುತ್ತಾರೆ. 1923ರಲ್ಲಿ ಸಂತತಿ ನಿಯಮನ ಎಂಬ ಪುಸ್ತಕ ಬರೆದರು. ಗುಪ್ತರೋಗಗಳಿಂದ ಪಾರಾಗುವ ಬಗ್ಗೆ ಇನ್ನೊಂದು ಪುಸ್ತಕ ಬಂತು. ಆಗ ಅವರು ಕಲಿಸುತ್ತಿದ್ದುದು ಮುಂಬೈಯ ವಿಲ್ಸನ್ ಕಾಲೇಜಿನಲ್ಲಿ, ಅದು ಮಿಶನರಿಗಳ ಸಂಸ್ಥೆ. ಹೆಣ್ಣಿಗೂ ಗಂಡಿನಷ್ಟೇ ಕಾಮಸುಖದ ಹಕ್ಕಿದೆ ಎಂದು ಬಹಿರಂಗವಾಗಿ ಹೇಳುವ ಪ್ರಾಧ್ಯಾಪಕ ಆಡಳಿತಕ್ಕೆ ಬೇಕಾಗಲಿಲ್ಲ. ಪ್ರಚಾರ ಇಲ್ಲವೇ ನೌಕರಿ, ಎರಡರಲ್ಲಿ ಒಂದು ಎಂಬ ಪರಿಸ್ಥಿತಿ ಬಂತು. ಕರ್ವೆ ನೌಕರಿ ಬಿಟ್ಟರು.

ಹಾಗೆ ನೌಕರಿ ಬಿಡುವುದು ಒಬ್ಬರ ನಿರ್ಧಾರವಲ್ಲ, ಇಡೀ ಮನೆಯ ನಿರ್ಧಾರ. ಪತ್ನಿ ಮಾಲತಿಬಾಯಿ ಅವರ ಹೆಸರನ್ನು ಇಲ್ಲಿ ಹೇಳಲೇಬೇಕು. ಮಕ್ಕಳು ಬೇಡವೆಂದು ಗಂಡ ಹೆಂಡತಿ ಕೂಡಿಯೇ ತೀರ್ಮಾನಿಸಿದ್ದರು. ಅದಕ್ಕಾಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡದ್ದು ಗಂಡ! ಇಂದಿಗೂ ಹಳ್ಳಿಗಳಲ್ಲಿ ಆಪರೇಶನ್ ಎಂದರೆ ಹೆಂಗಸರೇ ಹೋಗಿ ಮಲಗಬೇಕು ಎಂಬ ರೂಢಿ ಇರುವಾಗ ಸುಮಾರು ನೂರು ವರ್ಷದ ಹಿಂದಿನ ಈ ಸಂಗತಿ ಅಚ್ಚರಿಯದೇ. ದುಡ್ಡಿಲ್ಲದ ದಿನಗಳನ್ನೂ, ಜನರ ಕುಹಕವನ್ನೂ ಮಾಲತಿಬಾಯಿ ಗಂಡನ ಜೊತೆ ನಿಂತು ಉಂಡರು. ಅವರು ಗಂಡನಿಗಿಂತ ಮೊದಲೇ ತೀರಿಕೊಂಡರು.

1927ರ ಜುಲೈಯಲ್ಲಿ ಸಮಾಜಸ್ವಾಸ್ಥ್ಯ ಮಾಸಪತ್ರಿಕೆ ಶುರುವಾಯಿತು. ಅದೇ ವರ್ಷ ಮಾರ್ಚಿನಲ್ಲಿ ಮಹಾಡದ ಕೆರೆಯ ಸತ್ಯಾಗ್ರಹ, ಏಪ್ರಿಲ್‌ನಲ್ಲಿ ಅಂಬೇಡ್ಕರರ ಬಹಿಷ್ಕೃತ ಭಾರತ ಪತ್ರಿಕೆ. ಮರಾಠಿಯ ಎರಡು ಸಣ್ಣ ಪತ್ರಿಕೆಗಳು, ಎರಡರ ಹಿಂದೆಯೂ ಒಬ್ಬೊಬ್ಬನೇ ಮನುಷ್ಯ. ಬಹಿಷ್ಕೃತ ಭಾರತ 1929ರಲ್ಲಿ ನಿಂತುಹೋಯಿತು. ಕರ್ವೆ ಅವರ ಪತ್ರಿಕೆ ಮಾತ್ರ 26 ವರ್ಷ ಬಾಳಿತು. ಬಾಳಿತು ಎನ್ನುವುದಕ್ಕಿಂತ ಅವರೇ ಅದನ್ನು ಹೊತ್ತು ನಡೆದರು ಎನ್ನಬೇಕು. ಚಂದಾದಾರರು ಕಡಿಮೆ, ಜಾಹೀರಾತು ಇನ್ನೂ ಕಡಿಮೆ, ಕೈಯಿಂದ ಹೋದದ್ದೇ ಹೆಚ್ಚು. ಮುಖಪುಟದಲ್ಲಿ ನಗ್ನ ಸ್ತ್ರೀಚಿತ್ರ ಇರುತ್ತಿತ್ತು. ಮನುಷ್ಯನ ದೇಹದಲ್ಲಿ ಅಸಹ್ಯವಾದದ್ದು ಏನೂ ಇಲ್ಲ ಎಂಬುದು ಸಂಪಾದಕರ ನಿಲುವು. ಆದರೆ ಇದರಿಂದ ಆದ ಪರಿಣಾಮ ಏನೆಂದರೆ, ಓದಬೇಕಾದವರು ಮುಚ್ಚಿಟ್ಟುಕೊಂಡು ಓದಿದರು, ಓದದವರು ಬಹಿರಂಗವಾಗಿ ಬೈದರು. ಶಾರದೆಯ ಹೆಸರಿನಲ್ಲಿ ಅವರು ಬರೆದ ಪತ್ರರೂಪದ ಅಂಕಣವೂ ಇದೇ ಪತ್ರಿಕೆಯಲ್ಲಿ ಬರುತ್ತಿತ್ತು.

ಅಂದಹಾಗೆ, 1927ರಲ್ಲಿಯೇ ಕೊಲ್ಹಾಪುರದಿಂದಲೂ ಈ ವಿಷಯದ ಮೇಲೆ ಒಂದು ದನಿ ಎದ್ದಿತ್ತು. ರಾಜಾರಾಮ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಪ್ರಸಿದ್ಧ ಕಾದಂಬರಿಕಾರ ನಾ. ಸೀ. ಫಡಕೆ ಸಂತತಿ ನಿಯಂತ್ರಣದ ಪರವಾಗಿ ಇಂಗ್ಲಿಷಿನಲ್ಲಿ ಪುಸ್ತಕವೊಂದನ್ನು ಪ್ರಕಟಿಸಿದರು. ಅದಕ್ಕಾಗಿ ಫಡಕೆಯವರು ಕಾಲೇಜು ಬಿಡಬೇಕಾಗಿ ಬರಲಿಲ್ಲ. ಇಂಗ್ಲಿಷಿನಲ್ಲಿ ಬರೆದದ್ದು ಪಂಡಿತರ ಚರ್ಚೆಯಾಗುತ್ತದೆ, ಜನರ ಭಾಷೆಯಲ್ಲಿ ಬರೆದದ್ದೇ ಅಶ್ಲೀಲವಾಗುತ್ತದೆ. ಎರಡು ಭಾಷೆಯಲ್ಲಿ ಬದುಕುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇತ್ತ ಮೈಸೂರು ಸಂಸ್ಥಾನ 1930ರಲ್ಲಿಯೇ ಸರಕಾರದ ವತಿಯಿಂದ ಸಂತತಿ ನಿಯಂತ್ರಣ ಕೇಂದ್ರಗಳನ್ನು ತೆರೆದಿತ್ತು. ಮುಂಬೈಯಲ್ಲಿ ಅದೇ ಕೆಲಸ ಮಾಡುವ ಮನುಷ್ಯನಿಗೆ ಮರುವರ್ಷವೇ ಪೋಲೀಸರು ಬಂದರು.

ಹೌದು, ಮೊದಲ ಬಂಧನ 1931ರಲ್ಲಿ. ವ್ಯಭಿಚಾರದ ಪ್ರಶ್ನೆಯ ಕುರಿತ ಲೇಖನಕ್ಕಾಗಿ ಪುಣೆಯ ಕರ್ಮಠರು ದೂರು ಕೊಟ್ಟಿದ್ದರು. 100 ರೂಪಾಯಿ ದಂಡ ಬಿತ್ತು. ಮೇಲ್ಮನವಿಯೂ ಫಲಿಸಲಿಲ್ಲ. ಎರಡನೆಯ ಸಲ 1934ರ ಫೆಬ್ರುವರಿಯಲ್ಲಿ ಹಿಡಿದಾಗ ಅಂಬೇಡ್ಕರರು ವಕಾಲತ್ತು ವಹಿಸಿದರು.

ಅಂಬೇಡ್ಕರರಿಗೆ ಆಗ ಬೇರೆ ಕೆಲಸವೇನು ಕಡಿಮೆ ಇತ್ತೇ? ದುಂಡುಮೇಜಿನ ಪರಿಷತ್ತುಗಳು ಮುಗಿದಿದ್ದವು, ಪುಣೆ ಒಪ್ಪಂದದ ಗಾಯ ಹಸಿಯಾಗಿತ್ತು. ದಲಿತರ ನಾಯಕ ಇಂಥ ಪತ್ರಿಕೆಯ ಪರ ನಿಂತರೆ ಹೆಸರು ಕೆಡುತ್ತದೆ ಎಂದು ಯಾರಾದರೂ ಹೇಳಬಹುದಿತ್ತು. ಅವರು ಹಿಂದೆ ಸರಿಯಲಿಲ್ಲ. ವಾದ ನೇರವಾಗಿತ್ತು. ಲೈಂಗಿಕತೆಯ ಬಗ್ಗೆ ಬರೆದದ್ದೆಲ್ಲ ಅಶ್ಲೀಲವಲ್ಲ, ಪತ್ರಿಕೆ ಇರುವುದೇ ಆ ವಿಷಯಕ್ಕಾಗಿ. ಓದುಗ ಪ್ರಶ್ನೆ ಕೇಳಿದ್ದಾನೆಂದ ಮೇಲೆ ಉತ್ತರ ಕೊಡಬೇಕು. ವಿಕೃತಿ ಎನಿಸಿದರೂ ಅದಕ್ಕೆ ಮದ್ದು ತಿಳಿವಳಿಕೆಯೇ ಹೊರತು ಬಾಯಿಮುಚ್ಚಿಸುವುದಲ್ಲ. ಸಲಿಂಗ ಕಾಮದ ವಿಷಯ ಬಂದಾಗ ಹ್ಯಾವ್‌ಲಾಕ್ ಎಲ್ಲಿಸ್‌ನಂಥ ವಿದ್ವಾಂಸರ ಸಂಶೋಧನೆಯನ್ನು ಮುಂದಿಟ್ಟು, ಹುಟ್ಟಿನಿಂದ ಬಂದ ಒಲವಿನಲ್ಲಿ ತಪ್ಪೇನಿಲ್ಲ, ಅಂಥವರಿಗೂ ತಮ್ಮ ರೀತಿಯಲ್ಲಿ ಸುಖಪಡುವ ಹಕ್ಕಿದೆ ಎಂಬ ಮಾತನ್ನು ನ್ಯಾಯಾಧೀಶರ ಮುಂದಿಟ್ಟರು. ವರ್ಷ 1934 ಎಂಬುದನ್ನು ಮರೆಯಬಾರದು.

ಕೋರ್ಟು ಒಪ್ಪಲಿಲ್ಲ. ಏಪ್ರಿಲ್‌ನಲ್ಲಿ ತೀರ್ಪು ಬಂತು, 200 ರೂಪಾಯಿ ದಂಡ. ಕರ್ವೆ ದಂಡ ಕಟ್ಟಿದರು, ಪತ್ರಿಕೆ ನಿಲ್ಲಿಸಲಿಲ್ಲ. ಅದೇ ವರ್ಷ ಆಧುನಿಕ ಕಾಮಶಾಸ್ತ್ರ ಎಂಬ ಗ್ರಂಥವನ್ನೂ ಹೊರತಂದರು!

ಈ ಪ್ರಶ್ನೆಗಳು ಪೇಟೆಯ ಓದಿದವರ ಪ್ರಶ್ನೆಗಳು, ಹಳ್ಳಿಗೆ ಸಂಬಂಧವಿಲ್ಲ ಎಂದು ಕೊಲ್ಹಾಪುರ, ಬೆಳಗಾವಿ ಸೀಮೆಯವರು ಹೇಳುವಂತಿಲ್ಲ. ಬನದ ಹುಣ್ಣಿಮೆಗೆ ಸವದತ್ತಿ ಗುಡ್ಡಕ್ಕೆ ಗಾಡಿ ಕಟ್ಟಿದ ಮನೆಗಳಿವು. ಸೀರೆ ಉಟ್ಟು ಕೊಡ ಹೊತ್ತ ಜೋಗಪ್ಪನ ಕಾಲಿಗೆ ಬಿದ್ದು ಭಂಡಾರ ಹಚ್ಚಿಸಿಕೊಂಡವರೂ ಇವರೇ. ಜೋಗಪ್ಪನಾಗುವುದು ಬೇರೆ, ಸಲಿಂಗ ಪ್ರೀತಿ ಬೇರೆ, ಎರಡನ್ನೂ ಒಂದೇ ಮಾಡಬಾರದು. ಆದರೆ ಗಂಡು ಹೆಣ್ಣು ಎಂಬ ಎರಡು ಖಾನೆಗೆ ಹೊಂದದ ಮನುಷ್ಯರು ಇದ್ದಾರೆ ಎಂಬುದು ಇಲ್ಲಿ ಯಾರಿಗೂ ಹೊಸ ಸುದ್ದಿಯಲ್ಲ. ದೇವರ ಹೆಸರಿನಲ್ಲಿ ಬಂದರೆ ಕೈ ಮುಗಿಯುತ್ತಾರೆ, ಮನೆಯ ಮಗನೇ ಬಂದು ಹೇಳಿದರೆ ಹೊರಗೆ ಹಾಕುತ್ತಾರೆ. ಗಡಹಿಂಗ್ಲಜ ಸೀಮೆಯ ಲೇಖಕ ರಾಜನ್ ಗವಸ ತಮ್ಮ ಕಾದಂಬರಿಗಳಲ್ಲಿ ಈ ಜೋಗತಿ, ಜೋಗಪ್ಪಂದಿರ ಸಂಕಟವನ್ನು ಬರೆದರು. ಅದರ ಆಧಾರದ ಮೇಲೆ 2009ರಲ್ಲಿ ಜೋಗವಾ ಚಿತ್ರ ಬಂತು.

ಕರ್ವೆ ಅವರದೆಲ್ಲ ಸರಿಯೆಂದೇನೂ ಅಲ್ಲ. ರೋಗ ಮತ್ತು ಬೇಡದ ಬಸಿರು, ಇವೆರಡನ್ನು ತಡೆದರೆ ಕಾಮದಲ್ಲಿ ಮತ್ತಾವ ತೊಡಕೂ ಇಲ್ಲ ಎಂಬಂತೆ ಅವರ ಲೆಕ್ಕ ಸಾಗುತ್ತದೆ. ಮನಸ್ಸು ಮುರಿಯುವ ಸಂಗತಿ ಗಣಿತದ ಮಾಸ್ತರನ ಲೆಕ್ಕದಲ್ಲಿ ಅಷ್ಟಾಗಿ ಬರಲಿಲ್ಲ. ಜೊತೆಗೆ ನಾಲಿಗೆ ಬಲು ಹರಿತ. ದೇವರು, ಧರ್ಮ, ಬ್ರಹ್ಮಚರ್ಯ ಯಾವುದನ್ನೂ ಬಿಡಲಿಲ್ಲ. ಗಾಂಧೀಜಿಯವರು ಸಂತತಿ ನಿಯಂತ್ರಣಕ್ಕೆ ಸಂಯಮವೇ ದಾರಿ, ಸಾಧನಗಳು ಬೇಡ ಎನ್ನುತ್ತಿದ್ದ ಕಾಲವದು. 1935ರ ಕೊನೆಗೆ ಅಮೆರಿಕದ ಮಾರ್ಗರೆಟ್ ಸ್ಯಾಂಗರ್ ವಾರ್ಧಾಕ್ಕೆ ಬಂದು ವಾದಿಸಿದರೂ ಗಾಂಧೀಜಿ ಬದಲಾಗಲಿಲ್ಲ. ದೇಶವೆಲ್ಲ ಗಾಂಧೀಜಿಯವರ ಹಿಂದೆ ಇರುವಾಗ ಕರ್ವೆ ಅವರ ಹಿಂದೆ ಯಾರಿರಬೇಕು?

1952ರಲ್ಲಿ ಸ್ವತಂತ್ರ ಭಾರತ ಕುಟುಂಬ ಯೋಜನೆಯನ್ನು ಸರಕಾರದ ಕಾರ್ಯಕ್ರಮವಾಗಿ ಕೈಗೆತ್ತಿಕೊಂಡಿತು. ಜಗತ್ತಿನಲ್ಲಿಯೇ ಮೊದಲು ಎಂದು ಹೆಮ್ಮೆಪಟ್ಟಿತು. ಮರುವರ್ಷ, 1953ರ ಅಕ್ಟೋಬರ್ 14ರಂದು, ಕರ್ವೆ ತೀರಿಕೊಂಡರು. ನವೆಂಬರಿನ ಸಂಚಿಕೆಯೇ ಸಮಾಜಸ್ವಾಸ್ಥ್ಯದ ಕೊನೆಯದು. ತಂದೆ ಆಗ ಇನ್ನೂ ಬದುಕಿದ್ದರು, ವಯಸ್ಸು 95. ಮಗನ ನಂತರವೂ ಒಂಬತ್ತು ವರ್ಷ ಬದುಕಿದರು. 1968ರಿಂದ ನಿರೋಧ್ ಕಿರಾಣಿ ಅಂಗಡಿಗೂ ಬಂತು, ಕೆಂಪು ತ್ರಿಕೋನ ಹಳ್ಳಿ ಹಳ್ಳಿಯ ಗೋಡೆಯ ಮೇಲೆ ಬಂತು. ಆ ಗೋಡೆಗಳ ಮೇಲೆ ಕರ್ವೆ ಹೆಸರು ಎಲ್ಲೂ ಇರಲಿಲ್ಲ.

ಇನ್ನು ಸಿನಿಮಾದ ಮಾತು. 1918ರಲ್ಲಿ ಬಾಬುರಾವ್ ಪೇಂಟರ್ ಮಹಾರಾಷ್ಟ್ರ ಫಿಲ್ಮ್ ಕಂಪನಿ ಕಟ್ಟಿದಂದಿನಿಂದ ಕೊಲ್ಹಾಪುರ ಸಿನಿಮಾದ ಊರು. ಕತ್ತಿ, ಕುದುರೆ, ಕಿರೀಟ ಇದ್ದರೆ ತೆರೆಗೆ ತರುವುದು ಸಲೀಸು. ಕರ್ವೆ ಬದುಕಿನಲ್ಲಿ ಇರುವುದೇನು? ಒಂದು ಮೇಜು, ಅಂಚೆಯಲ್ಲಿ ಬಂದ ಕಾಗದಗಳು, ಪ್ರೂಫು, ಸಾಲ, ಕಾಯುತ್ತ ಕುಳಿತ ಹೆಂಡತಿ, ನಡುವೆ ಒಂದೆರಡು ಸಲ ಕಟಕಟೆ. ಇಂಥದ್ದನ್ನು ಸಿನಿಮಾ ಮಾಡುವ ಧೈರ್ಯ ತೋರಿಸಿದವರು ಅಮೋಲ್ ಪಾಲೇಕರ್. ಧ್ಯಾಸಪರ್ವ 2001ರಲ್ಲಿ ಬಂತು. ಕರ್ವೆ ಸತ್ತು 48 ವರ್ಷ ಆಗಿತ್ತು. ಸೌಮಿತ್ರ ಎಂಬ ಹೆಸರಿನಲ್ಲಿ ಕವಿತೆ ಬರೆಯುವ ಕಿಶೋರ್ ಕದಮ್ ಕರ್ವೆಯಾದರು, ಸೀಮಾ ಬಿಸ್ವಾಸ್ ಮಾಲತಿಬಾಯಿಯಾದರು. ಕುಟುಂಬ ಕಲ್ಯಾಣ ವಿಭಾಗದಲ್ಲಿ ರಾಷ್ಟ್ರಪ್ರಶಸ್ತಿ ಬಂತು.

ಚಿತ್ರಕಥೆ ಬರೆದವರು ಚಿತ್ರಾ ಪಾಲೇಕರ್. ಇದೇ ಚಿತ್ರಾ ಮುಂದೆ ಸಲಿಂಗಿ ಮಕ್ಕಳ ತಂದೆತಾಯಿಗಳ ಪರವಾಗಿ ಬಹಿರಂಗವಾಗಿ ಮಾತನಾಡಿ, ಇತರ ಪಾಲಕರ ಜೊತೆಗೂಡಿ 377ನೇ ಕಲಮಿನ ವಿರುದ್ಧ ಸುಪ್ರೀಂ ಕೋರ್ಟಿನವರೆಗೂ ಹೋದರು. 2009ರಲ್ಲಿ ದಿಲ್ಲಿ ಹೈಕೋರ್ಟು ಆ ಕಲಮಿನ ಹಲ್ಲು ಕಿತ್ತಿತು, 2013ರಲ್ಲಿ ಸುಪ್ರೀಂ ಕೋರ್ಟು ಮತ್ತೆ ಕೂಡಿಸಿತು. ಕೊನೆಗೆ 2018ರ ಸೆಪ್ಟೆಂಬರ್ 6ರಂದು, ವಯಸ್ಕರು ಪರಸ್ಪರ ಒಪ್ಪಿ ಏಕಾಂತದಲ್ಲಿ ನಡೆಸುವ ಸಂಬಂಧ ಅಪರಾಧವಲ್ಲ ಎಂದು ಐವರು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಅಂಬೇಡ್ಕರರು ಸೋತ ಆ ಮೊಕದ್ದಮೆಗೆ ಆಗ 84 ವರ್ಷ ತುಂಬಿತ್ತು.

ಆ ತೀರ್ಪಿಗೆ ಒಂದು ವರ್ಷ ಮೊದಲು, 2017ರಲ್ಲಿ, ಸಮಾಜಸ್ವಾಸ್ಥ್ಯ ಎಂಬ ಹೆಸರಿನ ನಾಟಕವೂ ರಂಗಕ್ಕೆ ಬಂದಿತ್ತು. ಬರೆದವರು ಅಜಿತ್ ದಳವಿ, ಆಡಿಸಿದವರು ಸಾಕ್ಷ್ಯಚಿತ್ರಗಳನ್ನೂ ಮಾಡಿದ ಅತುಲ್ ಪೇಠೆ. ಕರ್ವೆ ಪಾತ್ರ ಗಿರೀಶ್ ಕುಲಕರ್ಣಿ ಅವರದು. ನಾಟಕದ ತಿರುಳು ಕರ್ವೆ ಮೇಲಿನ ಆ ಮೊಕದ್ದಮೆಗಳೇ. ಅವರ ಜೀವನಚರಿತ್ರೆಯನ್ನು ಯ. ದಿ. ಫಡಕೆ ಬರೆದಿದ್ದಾರೆ, ಬಿಡಿ ಬರಹಗಳನ್ನು ಅನಂತ ದೇಶಮುಖ ಒಟ್ಟುಗೂಡಿಸಿ ಸಂಪುಟಗಳಾಗಿ ತಂದಿದ್ದಾರೆ. ಎಲ್ಲವೂ ಮರಾಠಿಯಲ್ಲಿವೆ. ಕೊಲ್ಹಾಪುರ, ಗಡಹಿಂಗ್ಲಜ, ನಿಪ್ಪಾಣಿ ಕಡೆಯ ಕನ್ನಡಿಗರಿಗೆ ಅನುವಾದಕ್ಕಾಗಿ ಕಾಯುವ ಅಗತ್ಯವಿಲ್ಲ.