ಪವನ ಶಕ್ತಿ ಮಾಪನದ ಹಿರಿಯ ವಿಜ್ಞಾನಿ ಅನ್ನಾ ಮಣಿ (1918–2001): ವ್ಯಾಸಂಗ ಮತ್ತು ವೃತ್ತಿಜೀವನ

ಚಿತ್ರದುರ್ಗ ನಗರಕ್ಕೆ ಹೊಂದಿಕೊಂಡಿರುವ ಜೋಗಿಮಟ್ಟಿ ಗಿರಿಸಾಲು ಹಾಗೂ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಭಾಗದ ಗುಡ್ಡಗಳ ಮೇಲೆ ಪವನ ವಿದ್ಯುತ್ ಯಂತ್ರಗಳು ಸ್ಥಾಪಿತವಾಗಿರುವುದು ಸಾರ್ವಜನಿಕರಿಗೆ ತಿಳಿದ ವಿಷಯವಾಗಿದೆ. ಇಂತಹ ಯಂತ್ರಗಳನ್ನು ನಿಲ್ಲಿಸುವ ಮುನ್ನ ಆಯಾ ಸ್ಥಳದ ಗಾಳಿಯ ವೇಗವನ್ನು ದೀರ್ಘಕಾಲ ಅಳೆದು ದಾಖಲಿಸಬೇಕಾಗುತ್ತದೆ. ಗಾಳಿಯಲ್ಲಿರುವ ಶಕ್ತಿಯು ವೇಗದ ಘನಕ್ಕೆ ಅನುಗುಣವಾಗಿರುವುದರಿಂದ, ವೇಗವನ್ನು ಶೇ. 10ರಷ್ಟು ಹೆಚ್ಚಾಗಿ ಅಳೆದಲ್ಲಿ ಶಕ್ತಿಯ ಅಂದಾಜು ಶೇ. 33ರಷ್ಟು ಏರುತ್ತದೆ, ಹೂಡಿದ ಬಂಡವಾಳವು ಹಿಂದಿರುಗುವ ಲೆಕ್ಕವೂ ತಪ್ಪುತ್ತದೆ. ಭಾರತದಲ್ಲಿ ಈ ಮಾಪನಕಾರ್ಯಕ್ಕೆ ಭದ್ರ ತಳಹದಿ ಹಾಕಿದವರು ಅನ್ನಾ ಮಣಿ ಅವರು.

ಅನ್ನಾ ಮಣಿ ಅವರು 1918ರ ಆಗಸ್ಟ್ 23ರಂದು ಅಂದಿನ ತಿರುವಾಂಕೂರು ಸಂಸ್ಥಾನದ ಪೀರ್ಮೇಡಿನಲ್ಲಿ, ಎಂಟು ಮಕ್ಕಳ ಕುಟುಂಬದಲ್ಲಿ ಏಳನೆಯವರಾಗಿ ಜನಿಸಿದರು. ತಂದೆ ಸಿವಿಲ್ ಎಂಜಿನಿಯರ್ ಆಗಿದ್ದು, ಏಲಕ್ಕಿ ತೋಟಗಳನ್ನೂ ಹೊಂದಿದ್ದರು. ಎಂಟನೆಯ ಹುಟ್ಟುಹಬ್ಬಕ್ಕೆ ಮನೆಯ ಸಂಪ್ರದಾಯದಂತೆ ಕೊಡಲಿದ್ದ ವಜ್ರದ ಓಲೆಗಳನ್ನು ಬೇಡವೆಂದು, ವಿಶ್ವಕೋಶದ ಸಂಪುಟಗಳನ್ನು ಕೇಳಿ ಪಡೆದರು. ಮುಂದೆ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಿಂದ 1939ರಲ್ಲಿ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರಗಳಲ್ಲಿ ಬಿ.ಎಸ್ಸಿ. ಆನರ್ಸ್ ಪದವಿ ಪಡೆದರು.

1940ರಲ್ಲಿ ವಿದ್ಯಾರ್ಥಿವೇತನ ದೊರೆತು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ. ವಿ. ರಾಮನ್ ಅವರ ಪ್ರಯೋಗಶಾಲೆಯನ್ನು ಸೇರಿದರು. ಸ್ವಾರಸ್ಯದ ಸಂಗತಿಯೆಂದರೆ, ಬಾಲ್ಯದಲ್ಲಿ ನಿರಾಕರಿಸಿದ ವಜ್ರವೇ ಇಲ್ಲಿ ಅವರ ಅಧ್ಯಯನದ ವಸ್ತುವಾಯಿತು. ವಜ್ರ ಹಾಗೂ ಮಾಣಿಕ್ಯಗಳು ಹೊರಸೂಸುವ ಬೆಳಕಿನ ರೋಹಿತವನ್ನು ಛಾಯಾಫಲಕದ ಮೇಲೆ ದಾಖಲಿಸಲು ಒಮ್ಮೊಮ್ಮೆ 15ರಿಂದ 20 ಗಂಟೆಗಳು ಬೇಕಾಗುತ್ತಿದ್ದುದರಿಂದ ರಾತ್ರಿಯೂ ಪ್ರಯೋಗಶಾಲೆಯಲ್ಲೇ ಉಳಿಯುತ್ತಿದ್ದರು. 1942ರಿಂದ 1945ರ ಅವಧಿಯಲ್ಲಿ ಐದು ಸಂಶೋಧನಾ ಲೇಖನಗಳನ್ನು ಪ್ರಕಟಿಸಿ, 1945ರ ಆಗಸ್ಟ್‌ನಲ್ಲಿ ಮದ್ರಾಸ್ ವಿಶ್ವವಿದ್ಯಾನಿಲಯಕ್ಕೆ ಪಿಎಚ್.ಡಿ. ಪ್ರಬಂಧವನ್ನು ಸಲ್ಲಿಸಿದರು.

ಆದರೆ ಎಂ.ಎಸ್ಸಿ. ಪದವಿ ಇಲ್ಲವೆಂಬ ಕಾರಣಕ್ಕೆ ಅವರಿಗೆ ಪಿಎಚ್.ಡಿ. ನೀಡಲಾಗಲಿಲ್ಲ. ಆನರ್ಸ್ ಪದವಿಯ ಆಧಾರದ ಮೇಲೆಯೇ ಅವರಿಗೆ ಸಂಶೋಧನಾ ವಿದ್ಯಾರ್ಥಿವೇತನ ಮಂಜೂರಾಗಿದ್ದುದನ್ನು ಪರಿಗಣಿಸಲಿಲ್ಲ. ಅರ್ಹತೆಯ ಕಾಲಂ ಒಂದನ್ನೇ ನೋಡಿ, ಐದು ವರ್ಷಗಳ ಕೆಲಸವನ್ನು ನೋಡದೆ ಕೈಗೊಂಡ ತೀರ್ಮಾನವಿದು ಎಂದೇ ಹೇಳಬೇಕಾಗುತ್ತದೆ. ಆ ಪ್ರಬಂಧವು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯವನ್ನು ಸೇರಿತು.

ಅದೇ ವರ್ಷ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಇಂಗ್ಲೆಂಡಿಗೆ ತೆರಳಿದರು. ಭೌತಶಾಸ್ತ್ರವನ್ನೇ ಮುಂದುವರಿಸುವ ಇಚ್ಛೆಯಿದ್ದರೂ ಲಭ್ಯವಿದ್ದುದು ಹವಾಮಾನ ಉಪಕರಣಗಳ ತರಬೇತಿ ಮಾತ್ರ. ಅದನ್ನೇ ಒಪ್ಪಿಕೊಂಡರು. 1948ರಲ್ಲಿ ಹಿಂದಿರುಗಿ ಪುಣೆಯಲ್ಲಿ ಭಾರತ ಹವಾಮಾನ ಇಲಾಖೆಯ ಸೇವೆಗೆ ಸೇರಿದರು. ಆಗ ಹವಾಮಾನ ಉಪಕರಣಗಳಿಗೆ ವಿದೇಶಗಳನ್ನೇ ಹೆಚ್ಚಾಗಿ ಅವಲಂಬಿಸಬೇಕಾಗಿತ್ತು. ಸುಮಾರು 100 ಉಪಕರಣಗಳ ನಕ್ಷೆಗಳನ್ನು ಪ್ರಮಾಣೀಕರಿಸಿ ದೇಶದಲ್ಲೇ ತಯಾರಿಸುವ ವ್ಯವಸ್ಥೆ ರೂಪುಗೊಂಡುದರಲ್ಲಿ ಅವರ ಪಾತ್ರ ಪ್ರಮುಖವಾದುದು. ತಪ್ಪು ಅಳತೆಗಿಂತ ಅಳತೆ ಇಲ್ಲದಿರುವುದೇ ಮೇಲು ಎಂಬುದು ಅವರ ದೃಢ ನಿಲುವಾಗಿತ್ತು. ರಾಮನ್ ಅವರ ಪ್ರಯೋಗಶಾಲೆಯಲ್ಲಿ ಗಂಟೆಗಟ್ಟಲೆ ಕಾದು ಒಂದು ಫಲಕವನ್ನು ಪಡೆದವರಿಗೆ ಈ ನಿಷ್ಠುರತೆ ಸಹಜವಾಗಿಯೇ ಬಂದಿರಬೇಕು.

1957–58ರ ಅಂತರರಾಷ್ಟ್ರೀಯ ಭೂಭೌತ ವರ್ಷದ ಸಂದರ್ಭದಲ್ಲಿ ಸೌರ ವಿಕಿರಣ ಮಾಪನ ಕೇಂದ್ರಗಳ ಜಾಲವನ್ನು ಸ್ಥಾಪಿಸಿದರು. ಓಜೋನ್ ಮಾಪನ ಉಪಕರಣವನ್ನೂ ಅಭಿವೃದ್ಧಿಪಡಿಸಿದರು. 1976ರಲ್ಲಿ ಉಪ ಮಹಾನಿರ್ದೇಶಕರಾಗಿ ನಿವೃತ್ತಿ ಹೊಂದಿದ ನಂತರ, ಪ್ರಬಂಧ ಉಳಿದಿದ್ದ ಅದೇ ರಾಮನ್ ಸಂಶೋಧನಾ ಸಂಸ್ಥೆಗೆ ಸಂದರ್ಶಕ ಪ್ರಾಧ್ಯಾಪಕರಾಗಿ ಬಂದರು. 1980 ಮತ್ತು 1981ರಲ್ಲಿ ಭಾರತದ ಸೌರ ವಿಕಿರಣ ಕುರಿತ ಎರಡು ಗ್ರಂಥಗಳೂ, 1983ರಲ್ಲಿ ಗಾಳಿಯ ದತ್ತಾಂಶಗಳ ಸಂಪುಟವೂ ಹೊರಬಂದವು. ಬೆಂಗಳೂರಿನಲ್ಲಿ ಗಾಳಿ ಮತ್ತು ಸೌರ ಮಾಪನ ಉಪಕರಣಗಳನ್ನು ತಯಾರಿಸುವ ಸಣ್ಣ ಕಾರ್ಖಾನೆಯೊಂದನ್ನೂ ನಡೆಸಿದರು.

ತದನಂತರ ದೇಶದಾದ್ಯಂತ ಗುಡ್ಡಗಳ ಮೇಲೂ ಕಡಲತೀರಗಳಲ್ಲೂ ಮಾಪನ ಕಂಬಗಳನ್ನು ನಿಲ್ಲಿಸಿ ಕೈಗೊಂಡ ಪವನ ಸಂಪನ್ಮೂಲ ಸಮೀಕ್ಷೆಯ ನೇತೃತ್ವ ವಹಿಸಿ, ಅದರ ಸಂಪುಟಗಳನ್ನು ಸಿದ್ಧಪಡಿಸಿದರು. ಕರ್ನಾಟಕದಲ್ಲಿ ಗಾಳಿಯ ಮಾಪನ ನಡೆದ ತಾಣಗಳಲ್ಲಿ ಜೋಗಿಮಟ್ಟಿಯೂ ಒಂದಾಗಿದೆ. 1994ರಲ್ಲಿ ಪಾರ್ಶ್ವವಾಯುವಿಗೆ ತುತ್ತಾದ ಅನ್ನಾ ಮಣಿ ಅವರು 2001ರ ಆಗಸ್ಟ್ 16ರಂದು ತಿರುವನಂತಪುರದಲ್ಲಿ ನಿಧನರಾದರು.