ಮಾರ್ಟಿನ್ ಲೂಥರನೂ ಹಳ್ಳಿಯ ಒಕ್ಕಲು ಮಕ್ಕಳೂ

ಮಾರ್ಟಿನ್ ಲೂಥರನ ಹೆಸರನ್ನು ಕೇಳದ ಸಭೆಯು ನಮ್ಮಲ್ಲಿ ಇರಲಾರದು. ಆತನು 1483ರಲ್ಲಿ ಜರ್ಮನಿಯ ಐಸ್‌ಲೆಬೆನ್ ಎಂಬ ಊರಲ್ಲಿ ಹುಟ್ಟಿದನು. ತಂದೆಯು ಗಣಿಯ ಕೆಲಸದವನು. ತಂದೆಯ ಮನೆತನದವರು ಉತ್ತು ಬಿತ್ತಿ ಬಾಳಿದ ಒಕ್ಕಲಿಗರು. 1521ರಲ್ಲಿ ವರ್ಮ್ಸ್ ಪಟ್ಟಣದೊಳಗೆ ಚಕ್ರವರ್ತಿಯ ಮುಂದೆ ತನ್ನ ಬರಹಗಳನ್ನು ಹಿಂತೆಗೆಯಲೊಲ್ಲದೆ ನಿಂತದ್ದು ಎಲ್ಲರೂ ಬಲ್ಲ ಸಂಗತಿ. ಹೆಚ್ಚು ಜನರು ಅರಿಯದ ಒಂದನ್ನು ಇಲ್ಲಿ ಹೇಳುವೆವು.

ಆತನು 1520ರಲ್ಲಿ ಕ್ರೈಸ್ತನ ಸ್ವಾತಂತ್ರ್ಯವನ್ನು ಕುರಿತು ಒಂದು ಚಿಕ್ಕ ಪುಸ್ತಕವನ್ನು ಬರೆದನು. 1522ರಲ್ಲಿ ಹೊಸ ಒಡಂಬಡಿಕೆಯನ್ನು ಜನರ ಮನೆಮಾತಿನಲ್ಲಿ ಅಚ್ಚುಹಾಕಿಸಿದನು. ಓದಬಲ್ಲವರು ಓದಿದರು, ಓದಲಾರದವರು ಕೇಳಿದರು. ಕ್ರಿಸ್ತನು ತನ್ನ ರಕ್ತದಿಂದ ಎಲ್ಲರನ್ನೂ ವಿಮೋಚಿಸಿರುವಲ್ಲಿ ನಾವು ಧಣಿಗಳ ಸೊತ್ತಾಗಿರುವುದು ಹೇಗೆಂದು ರೈತರು 1525ರಲ್ಲಿ ಹನ್ನೆರಡು ಕಲಮುಗಳ ಬಿನ್ನಹವನ್ನು ಹೊರಡಿಸಿದರು. ಬೋಧಕನನ್ನು ತಾವೇ ಆರಿಸುವ ಹಕ್ಕು, ಕಾಡಿನ ಸೌದೆ, ಹೊಳೆಯ ಮೀನು, ಇಂಥವನ್ನೇ ಬೇಡಿದರು. ಇದರಲ್ಲಿ ಯಾವುದಾದರೂ ದೇವರ ವಾಕ್ಯಕ್ಕೆ ವಿರೋಧವೆಂದು ತೋರಿಸಿಕೊಟ್ಟರೆ ಬಿಟ್ಟುಬಿಡುವೆವೆಂದೂ ಬರೆದರು. ಇಷ್ಟು ವಿನಯವುಳ್ಳ ಬಿನ್ನಹವು ಅಪರೂಪವೇ ಸರಿ.

ಲೂಥರನು ಮೊದಲು ಇತ್ತಂಡದವರನ್ನೂ ಗದರಿಸಿದನು. ಪ್ರಭುಗಳ ಲೋಭವನ್ನು ಮರೆಮಾಡಲಿಲ್ಲ. ಆದರೆ ದಂಗೆಯು ಹಬ್ಬಿ ಕೋಟೆಗಳೂ ಮಠಗಳೂ ಸುಡಲ್ಪಡಲು, ದಂಗೆಗಾರರನ್ನು ಹುಚ್ಚುನಾಯಿಯನ್ನು ಕೊಲ್ಲುವಂತೆ ಕೊಲ್ಲಬೇಕೆಂದು ಬರೆದನು. ಮೇ 15ರಂದು ಫ್ರಾಂಕೆನ್‌ಹೌಸೆನ್ ಬಳಿಯಲ್ಲಿ ಸಾವಿರಾರು ರೈತರು ಹತರಾದರು. ಆತನು ಬರೆಯದಿದ್ದರೂ ಪ್ರಭುಗಳು ಕೊಲ್ಲದೆ ಬಿಡುತ್ತಿರಲಿಲ್ಲ; ಆದರೂ ಬರೆದದ್ದು ಬರೆದದ್ದೇ. ಸ್ನೇಹಿತರು ನೊಂದುಕೊಂಡಾಗಲೂ ಆತನು ಆ ಮಾತನ್ನು ಹಿಂತೆಗೆಯಲಿಲ್ಲ. ವರ್ಮ್ಸಿನಲ್ಲಿ ನಾವು ಮೆಚ್ಚುವ ಹಟವೇ ಇದು.

ಹೀಗಿರಲು ಆತನ ಪುಸ್ತಕಗಳನ್ನೆಲ್ಲಾ ಬದಿಗಿಡಬೇಕೆಂದು ಕೆಲವರು ಹೇಳುವರು. ದೊಡ್ಡವರ ದೋಷವನ್ನು ಮುಚ್ಚಬೇಕೆಂದು ಬೇರೆ ಕೆಲವರು. ನಮಗೆ ಎರಡೂ ಒಪ್ಪಿಗೆಯಿಲ್ಲ. ಪೋಪರೂ ಮಹಾಸಭೆಗಳೂ ತಪ್ಪಬಹುದು, ವಾಕ್ಯದಿಂದಲೇ ಎಲ್ಲವನ್ನೂ ತೂಗಬೇಕೆಂದು ಆತನೇ ವಾದಿಸಿದ್ದನು. ರೈತರು ತಮ್ಮ ಬಿನ್ನಹವನ್ನು ಅದೇ ತಕ್ಕಡಿಯಲ್ಲಿಟ್ಟರು. ಆತನ ಕಠೋರ ಬರಹವನ್ನೂ ಅದರಲ್ಲಿಯೇ ಇಡತಕ್ಕದ್ದು. 1534ರಲ್ಲಿ ಪೂರ್ಣವಾದ ಆತನ ಸತ್ಯವೇದ ಭಾಷಾಂತರವನ್ನಾದರೋ ಮೂಲಕ್ಕೆ ಹೋಲಿಸಿ ತೂಗಬೇಕೇ ಹೊರತು ಆತನ ಕೋಪಕ್ಕಲ್ಲ.

1543ರಲ್ಲಿ ಆತನು ಯೆಹೂದ್ಯರ ಸಭಾಮಂದಿರಗಳನ್ನು ಸುಡಬೇಕೆಂದೂ ಮನೆಗಳನ್ನು ಕೆಡವಬೇಕೆಂದೂ ಬರೆದದ್ದು ಇದಕ್ಕಿಂತಲೂ ಘೋರ. 1546ರಲ್ಲಿ ತಾನು ಹುಟ್ಟಿದ ಊರಲ್ಲಿಯೇ ತೀರಿಕೊಂಡನು, ಬರಹವು ಸಾಯಲಿಲ್ಲ. ಸುಮಾರು 400 ವರುಷಗಳ ಮೇಲೆ ಹಿಟ್ಲರನ ಪಕ್ಷದವರು ಅದನ್ನು ಎತ್ತಿ ತೋರಿಸಿದರು. 1984ರಲ್ಲಿ ಬುಡಾಪೆಸ್ಟಿನಲ್ಲಿ ಕೂಡಿದ ಲೋಕದ ಲೂಥರನ್ ಸಭೆಗಳವರು, ಆತನ ಹೆಸರನ್ನು ಧರಿಸಿಕೊಂಡೇ, ಯೆಹೂದ್ಯರ ವಿಷಯವಾದ ಆ ಮಾತುಗಳು ತಮ್ಮವಲ್ಲವೆಂದು ಬಹಿರಂಗವಾಗಿ ತಿಳಿಸಿದರು.